ಯರೇಹೊಸಳ್ಳಿಯ ನಾನ್ನೂರ ಮೂವತ್ತೊಂದು ಒಲೆಗಳು

ಕುಕನೂರಿನಿಂದ ಇಟಗಿಯ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಿಗೆ ಎರಡು ಸಲ ನೆನಪಿಸದಿದ್ದರೆ ಮುಂದಿನ ಊರಿನಲ್ಲಿಯೇ ಇಳಿಯಬೇಕಾಗುವಂಥ ಊರು ಯರೇಹೊಸಳ್ಳಿ. ಆ ಊರಿನಲ್ಲಿ ಎಂ.ಎ. ಮಾಡಿದವರು ಮೂವರು. ಒಬ್ಬ ಕನ್ನಡದಲ್ಲಿ ಮಾಡಿ ಮಾಸ್ತರನಾದ. ಇನ್ನೊಬ್ಬ ಇತಿಹಾಸದಲ್ಲಿ ಮಾಡಿ ಪೊಲೀಸನಾದ. ಮೂರನೆಯವನು ನಮ್ಮ ಮಲ್ಲೇಶ. ಕೊಪ್ಪಳದಲ್ಲಿ ಎರಡು ವರ್ಷ ರೂಮು ಮಾಡಿಕೊಂಡಿದ್ದು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಬಂದು, ಮೂರು ವರ್ಷದಿಂದ ಏನೂ ಆಗದೆ ಉಳಿದಿದ್ದ.

‘ಏನೂ ಆಗದೆ’ ಎಂದರೆ ಅವನು ಒಪ್ಪುತ್ತಿರಲಿಲ್ಲ. ‘ಸಿದ್ಧತೆಯಲ್ಲಿದ್ದೇನೆ’ ಎನ್ನುತ್ತಿದ್ದ. ಸರಕಾರ ಕರೆದ ಪರೀಕ್ಷೆಗಳನ್ನೆಲ್ಲ ಬರೆದು, ಪ್ರತಿಯೊಂದರಲ್ಲೂ ಮೂರ್ನಾಲ್ಕು ಅಂಕಗಳಿಂದ ಹಿಂದೆ ಬಿದ್ದು, ಪ್ರತಿ ಸಲವೂ ಅವರ ಉತ್ತರಪತ್ರಿಕೆಯೇ ತಪ್ಪೆಂದು ಸಾಧಿಸಿದ್ದ. ಅಪ್ಪ ಹುಸೇನಪ್ಪ ಊರಿಗೆ ನೀರು ಬಿಡುವ ಪಂಚಾಯಿತಿ ನೌಕರ. ದಿನಾ ಮುಂಜಾನೆ ವಾಲ್ವ್ ತಿರುಗಿಸಿ ಬಂದು, ಮಲಗಿದ ಮಗನನ್ನು ನೋಡಿ, ‘ಇದಕ್ಕೂ ಒಂದು ವಾಲ್ವ್ ಇದ್ದಿದ್ದರೆ’ ಎಂದು ನಿಟ್ಟುಸಿರು ಬಿಡುತ್ತಿದ್ದ.

ಈ ನೆಮ್ಮದಿಗೆ ಕಲ್ಲು ಹಾಕಿದವನು ಗಂಗಾವತಿಯ ಸೋದರಮಾವ ಹನುಮಂತಪ್ಪ. ಅವನು ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಆಷಾಢದಲ್ಲಿ ಅಕ್ಕನ ಮನೆಗೆ ಬಂದವನು ಅಳಿಯನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಶುರು ಮಾಡಿದ.

"ಅಲ್ಲಲೇ, ಆ ನಿನ್ನ ಸಮಾಜಶಾಸ್ತ್ರದಾಗ ಕಲಸ್ತಾರ ಏನು?"

"ಕುಟುಂಬ ಅಂದ್ರ ಏನು, ವಿವಾಹ ಅಂದ್ರ ಏನು, ಬಂಧುತ್ವ ಅಂದ್ರ ಏನು... ಅದೆಲ್ಲಾ ಮಾಮಾ."

"ಇದನ್ನ ಕಲಿಯಾಕ ಎರಡು ವರ್ಷ ಕೊಪ್ಪಳದಾಗ ಇದ್ದೆ? ನಮ್ಮ ಮನಿ ಕಟ್ಟಿ ಮ್ಯಾಲ ಎರಡು ದಿನಾ ಕುಂತಿದ್ರ ಎಲ್ಲಾ ತಿಳೀತಿತ್ತಲ್ಲೋ!" ಎಂದ ಹನುಮಂತಪ್ಪ, ಅಕ್ಕನ ಕಡೆ ತಿರುಗಿ ತೀರ್ಪು ಕೊಟ್ಟ. "ದೀಪಾವಳಿ ತನಕ ನೋಡು ಪಕ್ಕೀರವ್ವ. ಆತಂದ್ರ ಆತು. ಇಲ್ಲಂದ್ರ ನಮ್ಮ ಗಿರಣ್ಯಾಗ ಚೀಲಾ ಎಣಸಾಕ ಬರಲಿ. ಎಂ.ಎ. ಆದವಗ ಅದೇನು ಭಾಳ ತ್ರಾಸ ಆಗೂದಿಲ್ಲ."

ಮಲ್ಲೇಶನಿಗೆ ಚೀಲ ಎಣಿಸುವ ಕೆಲಸದ ಮೇಲೆ ತಾತ್ಸಾರವಿರಲಿಲ್ಲ. ಆದರೆ ಅಲ್ಲಿಗೆ ಹೋದರೆ ತಾನು ಓದಿದ್ದು ಯಾತಕ್ಕೂ ಬರಲಿಲ್ಲ ಎಂದು ಊರೇ ಠರಾವು ಮಾಡಿದಂತಾಗುತ್ತಿತ್ತು. ಅದೊಂದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಅಷ್ಟರಲ್ಲಿ ದೇವರು ಕಣ್ಣು ತೆರೆದ. ಕೊಪ್ಪಳದ ಒಂದು ಸಂಸ್ಥೆಯವರು ಸಮಾಜಶಾಸ್ತ್ರ ಓದಿದವರೇ ಬೇಕೆಂದು ಕರೆ ಕಳಿಸಿದರು. ಹಳ್ಳಿಗಳಲ್ಲಿ ಯಾರು ಯಾರೊಡನೆ ಕೂಡಿ ಬಾಳುತ್ತಾರೆ ಎಂಬುದರ ಅಧ್ಯಯನವಂತೆ. ಅಲ್ಲಿನ ವಿಜಯಲಕ್ಷ್ಮಿ ಮೇಡಂ ತೂಕದ ಮಾತಿನ ಹೆಂಗಸು. "ನಿಮ್ಮ ಊರನ್ನೇ ಮೊದಲು ಮಾಡಿ. ಲೆಕ್ಕ ಸರಿ ಬಂದರೆ ಕುಷ್ಟಗಿ ಆಫೀಸಿನಲ್ಲಿ ಕಾಯಂ ಕೆಲಸ. ಸರಿ ಬರದಿದ್ದರೆ ನಿಮಗೆ ನಮಸ್ಕಾರ" ಎಂದರು.

ಫಾರ್ಮಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಎರಡು ಸೂಚನೆಗಳಿದ್ದವು. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಒಲೆಯನ್ನು ಕಣ್ಣಾರೆ ನೋಡಿಯೇ ಬರೆಯತಕ್ಕದ್ದು. ಮಲ್ಲೇಶನಿಗೆ ಆನಂದವಾಯಿತು. ಈ ಒಲೆಯ ವಿಷಯವಾಗಿಯೇ ಅವನು ಪರೀಕ್ಷೆಯಲ್ಲಿ ಆರು ಪುಟ ಬರೆದಿದ್ದ. ಕಡೆಗೂ ಆ ಆರು ಪುಟಕ್ಕೆ ಒಂದು ಗತಿ ಬಂದಿತ್ತು.

ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿ, ಸಂಸ್ಥೆಯ ಗುರುತಿನ ಚೀಟಿಯನ್ನು ಕೊರಳಿಗೆ ನೇತುಬಿಟ್ಟುಕೊಂಡು, ಅದು ತಿರುಗಿಕೊಂಡಾಗಲೆಲ್ಲ ಫೋಟೊ ಮುಂದೆ ಬರುವಂತೆ ಸರಿಮಾಡಿಕೊಳ್ಳುತ್ತ, ಗವಿಸಿದ್ದಪ್ಪನ ಚಾದಂಗಡಿಗೆ ಬಂದ.

"ಏನಪಾ ಮಲ್ಲೇಶ, ಎಲ್ಲಿಗೆ ಹೊಂಟೈತಿ ಸವಾರಿ?" ಎಂದ ಗವಿಸಿದ್ದಪ್ಪ, ಮಿರ್ಚಿ ಎಣ್ಣೆಗೆ ಬಿಡುತ್ತ.

"ಸರ್ವೇ ಐತಿ ಕಾಕಾ."

"ಎಂಥಾ ಸರ್ವೇ?"

ಇಲ್ಲಿ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅದೇ ಬೆಂಚಿನ ಮೇಲೆ ಕೂತು ಮೂರು ವರ್ಷ ‘ಇನ್ನೂ ಏನೂ ಆಗಿಲ್ಲೇನಪಾ?’ ಎಂದು ಕೇಳಿಸಿಕೊಂಡ ಮನುಷ್ಯ ಅವನು. ಎದುರಿಗೆ ಬೇರೆ ಪಂಚಾಯಿತಿ ಮೆಂಬರ್ ಪ್ರಭುರಾಜ ಬಸಿಯಲ್ಲಿ ಚಾ ಆರಿಸಿಕೊಳ್ಳುತ್ತ ಕೂತಿದ್ದ.

"ಅದೆಲ್ಲಾ ಬಾಯಿ ಬಿಟ್ಟು ಹೇಳಾಕ ಬರೂದಿಲ್ಲ ಕಾಕಾ" ಎಂದ ಮಲ್ಲೇಶ. "ಮನಿಮನಿ ಒಲಿ ಎಣಸೂದೈತಿ. ಪಟ್ಟಿ ಮ್ಯಾಲ ಹೋಗ್ತೈತಿ."

"ಮ್ಯಾಲ ಅಂದ್ರ ಎಲ್ಲಿಗೆ?"

ಮಲ್ಲೇಶ ಅಂಗಡಿಯ ತಗಡಿನ ಕಡೆ ಒಂದು ಸಲ ನೋಡಿ, "ಮ್ಯಾಲ" ಎಂದ.

ಪ್ರಭುರಾಜ ಬಸಿ ಕೆಳಗಿಟ್ಟ. ಅವನು ಮೆಂಬರನಾದ ನಾಲ್ಕು ವರ್ಷದಲ್ಲಿ ಅವನಿಗೆ ತಿಳಿಯದೆ ಒಂದು ಹಾಳೆಯೂ ಮೇಲೆ ಹೋದದ್ದಿಲ್ಲ. ಊರಿನ ಅನುಭವವನ್ನೂ ಹೇಳಬೇಕು. ಹಿಂದೆ ಶೌಚಾಲಯ ಬಂದಾಗ, ಗ್ಯಾಸು ಬಂದಾಗ, ಆಶ್ರಯ ಮನೆ ಬಂದಾಗ, ಮೊದಲು ಹೀಗೆಯೇ ಒಬ್ಬ ಕೊರಳಿಗೆ ಚೀಟಿ ಹಾಕಿಕೊಂಡು ಬಂದು ಹೆಸರು ಬರೆದುಕೊಂಡು ಹೋಗಿದ್ದ. ಅವತ್ತು ಮನೆಯಲ್ಲಿದ್ದವರಿಗೆ ಸಿಕ್ಕಿತ್ತು, ಹೊಲಕ್ಕೆ ಹೋದವರಿಗೆ ಸಿಕ್ಕಿರಲಿಲ್ಲ. ಕೂಡಿ ಇದ್ದ ಮನೆಗೆ ಒಂದೇ ಬಂದಿತ್ತು, ಬೇರೆಯಾದ ಮನೆಗೆ ತಲಾ ಒಂದೊಂದು ಬಂದಿತ್ತು.

ಮಲ್ಲೇಶ ಅತ್ತ ಹೋದೊಡನೆ ಗವಿಸಿದ್ದಪ್ಪ ಮಿರ್ಚಿ ಎತ್ತುವ ಜಾರೆಯನ್ನು ಮೇಲೆತ್ತಿ ಹೇಳಿದ. "ಸುಮ್ಮಸುಮ್ಮನ ಯಾರರ ಒಲಿ ಎಣಸ್ತಾರೇನ್ರಿ ಮೆಂಬರ್ರ? ಏನೋ ಬರೂದೈತಿ."

"ಬರೂದೈತಿ ಏನು, ನಾನ ತರಾಕ ಹತ್ತೀನಿ. ಎರಡು ತಿಂಗಳಿಂದ ಓಡಾಡೀನಿ" ಎಂದ ಪ್ರಭುರಾಜ. ಐದು ನಿಮಿಷದ ಹಿಂದೆ ಅವನಿಗೆ ಈ ವಿಷಯವೇ ಗೊತ್ತಿರಲಿಲ್ಲ ಎಂಬುದನ್ನು ನಾವು ಇಲ್ಲಿಗೆ ಬಿಟ್ಟುಬಿಡೋಣ.

ಮೊದಲ ಮನೆ ಹುಲಿಗವ್ವನದು. ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಹದಿನಾಲ್ಕು ಜನ. ಪುಸ್ತಕದಲ್ಲಿ ಚಿತ್ರ ಹಾಕಬಹುದಾದಂಥ ಅವಿಭಕ್ತ ಕುಟುಂಬ. ಹುಲಿಗವ್ವ ಉತ್ತರ ಕೊಡುವ ಮೊದಲು ತಾನೇ ಒಂದು ಪ್ರಶ್ನೆ ಕೇಳುವ ಮುದುಕಿ.

"ಆಯಿ, ಮನ್ಯಾಗ ಒಲಿ ಎಷ್ಟದಾವು?"

"ಪ್ರಭುರಾಜನ ಮನ್ಯಾಗ ಎಷ್ಟ ಬರದಿ?"

"ಅಲ್ಲಿಗೆ ಇನ್ನೂ ಹೋಗಿಲ್ಲ."

"ಹಂಗಾರ ನಮ್ಮವು ಮೂರು ಬರಿ."

"ಮೂರು? ಮೊನ್ನೆ ನಾನ ನೋಡೀನಲ್ಲ ಆಯಿ, ಒಂದ ಇತ್ತು."

"ಮೊನ್ನೀದು ಮೊನ್ನಿಗಾತು. ಹುಡುಗರು ದೊಡ್ಡಾವಾದ್ವು, ಬ್ಯಾರೆ ಆಗ್ಯಾವು" ಎಂದಳು ಹುಲಿಗವ್ವ. ದೊಡ್ಡ ‘ಹುಡುಗ’ನಿಗೆ ಐವತ್ತಾರು ವರ್ಷ. ತಾನು ಬೇರೆಯಾದ ಸುದ್ದಿ ಅವನಿಗೂ ಆಗಲೇ ತಿಳಿದದ್ದು. ಬಾಗಿಲಲ್ಲಿ ನಿಂತು ಬಾಯಿ ತೆರೆದವನು ತಾಯಿಯ ಮುಖ ನೋಡಿ ಹಾಗೇ ಮುಚ್ಚಿದ.

"ನಾ ಕಣ್ಣಿಲೆ ನೋಡಿ ಬರೀಬೇಕು ಆಯಿ. ರೂಲ್ಸ್ ಐತಿ."

"ಹಂಗಾರ ಸಂಜಿಮುಂದ ಬಾ."

ಸಂಜೆ ಹೋದರೆ ಮೂರು ಒಲೆಗಳಿದ್ದವು. ಎರಡಕ್ಕೆ ಬಳಿದ ಮಣ್ಣು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಮೂರಕ್ಕೂ ಕುಂಕುಮ ಹಚ್ಚಿ, ಹೂ ಏರಿಸಿದ್ದರು. ಮಲ್ಲೇಶನಿಗೆ ಸಂಶಯ ಬರಬೇಕಾಗಿತ್ತು. ಬರಲಿಲ್ಲ, ರೋಮಾಂಚನ ಬಂತು. ‘ಗ್ರಾಮೀಣ ಪ್ರದೇಶದಲ್ಲಿ ಅವಿಭಕ್ತ ಕುಟುಂಬ ಶಿಥಿಲಗೊಳ್ಳುತ್ತಿದೆ’ ಎಂದು ಅವನ ಪುಸ್ತಕದಲ್ಲಿತ್ತು. ಅದು ಕಣ್ಣ ಮುಂದೆಯೇ ಶಿಥಿಲಗೊಂಡಿತ್ತು. ಪುಸ್ತಕದ ಪ್ರಕಾರ ಐವತ್ತು ವರ್ಷ ಹಿಡಿಯಬೇಕಾದ ಬದಲಾವಣೆ ಯರೇಹೊಸಳ್ಳಿಯಲ್ಲಿ ಬುಧವಾರದಿಂದ ಶುಕ್ರವಾರದೊಳಗೆ ಆಗಿಹೋಯಿತು.

ನೋಡಿ ಬರೆಯುತ್ತಾನಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಊರಿನಲ್ಲಿ ಒಲೆಗೆ ಹಾಕಲು ಒಂದು ಕಲ್ಲು ಉಳಿಯಲಿಲ್ಲ. ಯಾರದೋ ಅರ್ಧ ಕಟ್ಟಿದ ಗೋಡೆ ಒಂದು ರಾತ್ರಿಯಲ್ಲಿ ಕಾಲು ಭಾಗಕ್ಕೆ ಇಳಿಯಿತು. ಮಲ್ಲೇಶನ ಅಣ್ಣ ದುರಗೇಶ ಟ್ರ್ಯಾಕ್ಟರ್ ಡ್ರೈವರ್. ಕೆರೆಯಂಗಳದಿಂದ ಎರಡು ಟ್ರಿಪ್ ಮಣ್ಣು ಹೇರಿಕೊಂಡು ಬಂದ. ಅದು ಸಾಲದೆ ಇನ್ನೊಂದು ಟ್ರಿಪ್ಪಿಗೆ ಹೋದ. ಪಾತ್ರೆ, ತಗಡಿನ ಡಬ್ಬಿ, ಕಬ್ಬಿಣದ ಒಲೆ ಮಾರುವ ಅಮೀನಾಬೀಯ ಮನೆಯ ಮುಂದೆ ಸೊಸೆಯಂದಿರ ಸಾಲು ನಿಂತಿತು.

ಮಲ್ಲೇಶ ಅವಳ ಮನೆಗೂ ಹೋದ. ಒಬ್ಬಳೇ ಇರುವ ಹೆಂಗಸು. ಇಲ್ಲಿ ಗೊಂದಲವೇನಿಲ್ಲ ಎಂದುಕೊಂಡು ಫಾರ್ಮು ತೆರೆದ.

"ಚಾಚಿ, ಒಂದು ಅಂತ ಬರಕೊಳ್ಳಲೇನು?"

"ಒಂದೂ ಇಲ್ಲ ಬೇಟಾ" ಎಂದಳು ಅಮೀನಾಬೀ. "ಅಂಗಡ್ಯಾಗಿನ್ವು ಖಾಲಿ ಆದ್ವು. ಮುಂಜಾಲೆ ಒಬ್ಬಾಕಿ ಬಂದು ಭಾಳ ಅಂಗಲಾಚಿದ್ಲು. ನನ್ನ ಒಲಿನೂ ಕೊಟ್ಟೆ. ಕುಕನೂರಿಂದ ಮಾಲು ಬರೂತನಕ ಗವಿಸಿದ್ದಪ್ಪನ ಇಡ್ಲಿನೇ ಗತಿ."

ಮಲ್ಲೇಶ ಬಹಳ ಹೊತ್ತು ಪೆನ್ನು ಹಿಡಿದು ಕೂತ. ಒಲೆ ಇಲ್ಲದಿದ್ದರೆ ಕುಟುಂಬವಿಲ್ಲ. ಕುಟುಂಬವಿಲ್ಲದಿದ್ದರೆ ಎದುರಿಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುವ ಈ ಹೆಂಗಸು ಲೆಕ್ಕದ ಪ್ರಕಾರ ಇಲ್ಲವೇ ಇಲ್ಲ. ಅವನ ಆರು ಪುಟದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ. ‘ವಿಶೇಷ ಪ್ರಕರಣ’ ಎಂದು ಬರೆದು ಎದ್ದ.

ಪ್ರಭುರಾಜನ ಮನೆಯಲ್ಲಿ ವಾದ ಬೇರೆ ಥರದ್ದು. ಅವನು ಮಣ್ಣು ಕಲ್ಲಿನ ಗೊಡವೆಗೇ ಹೋಗಿರಲಿಲ್ಲ. ಗ್ಯಾಸಿನ ಒಲೆಯ ಮುಂದೆ ಮಲ್ಲೇಶನನ್ನು ನಿಲ್ಲಿಸಿ, "ಎರಡು ಬರ್ನರ್ ಅದಾವ ನೋಡು. ಎರಡು ಕುಟುಂಬ ಬರಿ" ಎಂದ.

"ಒಂದ ಒಲೀರಿ ಮೆಂಬರ್ರ ಇದು."

"ಬಲಗಡಿದು ನಂದು, ಎಡಗಡಿದು ನನ್ನ ಹೆಂಡತೀದು. ನಾವು ಆಕಿ ಬರ್ನರಿಗೆ ಕೈ ಹಚ್ಚೂದಿಲ್ಲ, ಆಕಿ ನಮ್ಮದಕ್ಕ ಹಚ್ಚೂದಿಲ್ಲ."

"ಹಂಗಾರ ನಿಮ್ಮ ಅಡಿಗಿ ಯಾರು ಮಾಡ್ತಾರ್ರಿ?"

"ಆಕೀನ."

ಮಲ್ಲೇಶ ಒಪ್ಪಲಿಲ್ಲ. ಮರುದಿನ ಪ್ರಭುರಾಜನ ದನದ ಕೊಟ್ಟಿಗೆಯಲ್ಲಿ ಎರಡು ಮಣ್ಣಿನ ಒಲೆ ಎದ್ದವು. ನೋಡಿ ಬರೆಯಬೇಕೆಂಬ ರೂಲ್ಸಿನಂತೆ ಅವನ್ನು ಬರೆಯಲೇಬೇಕಾಯಿತು.

ಊರೆಲ್ಲ ಹೀಗಾದ ಮೇಲೆ ಬರೆಯುವವನ ಮನೆ ಹೇಗೆ ಸುಮ್ಮನಿರುತ್ತದೆ? ಶನಿವಾರ ಹುಸೇನಪ್ಪನೇ ಮಾತು ತೆಗೆದ. "ಕಂಡಕಂಡವರೆಲ್ಲ ಎರಡೆರಡು ಮೂರ್ಮೂರು ಮಾಡ್ಯಾರ. ಪಟ್ಟಿ ಬರಿಯಾವ ನಮ್ಮ ಮನ್ಯಾಗ ಅದಾನ, ನಮ್ಮದ ಒಂದು ಅಂದ್ರ ಮಂದಿ ನಗೂದಿಲ್ಲೇನು?"

"ಯಪ್ಪಾ, ಇದು ಬರೇ ಅಧ್ಯಯನ. ಏನೂ ಬರೂದಿಲ್ಲ."

"ಮಂದಿಗೆ ಹಂಗ ಹೇಳು. ನಮ್ಮ ಮುಂದ ಯಾಕ?" ಎಂದ ಹುಸೇನಪ್ಪ, ಮಗ ಗುಟ್ಟು ಕಾಯುವುದನ್ನು ಕಲಿತನಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟ.

ಭಾನುವಾರ ಅತ್ತಿಗೆ ಸುಮಂಗಲಾ ಹಿತ್ತಲಿನ ತಗಡಿನ ಕೆಳಗೆ ಹೊಸ ಒಲೆ ಹೂಡಿದಳು. ತೋರಿಕೆಗೆಂದೇ ಹೂಡಿದ್ದು. ಒಲೆ ಒಣಗಲಿ ಎಂದು ಬೆಂಕಿ ಹಾಕಿದಳು. ಬೆಂಕಿ ವ್ಯರ್ಥವಾಗದಿರಲಿ ಎಂದು ತನಗೂ ಗಂಡನಿಗೂ ನಾಲ್ಕು ರೊಟ್ಟಿ ಬಡಿದಳು. ಎಂಟು ವರ್ಷದಲ್ಲಿ ಮೊದಲ ಸಲ ಅವಳ ಪಲ್ಯಕ್ಕೆ ‘ಇನ್ನೊಂದೀಟು ಖಾರ ಹಾಕು’ ಎನ್ನುವವರಿರಲಿಲ್ಲ. ಒಳಗೆ ಪಕ್ಕೀರವ್ವನಿಗೂ, ಎಂಟು ವರ್ಷದಲ್ಲಿ ಮೊದಲ ಸಲ ತನ್ನ ಖಾರಕ್ಕೆ ಕೆಮ್ಮಿ ತೋರಿಸುವವರು ಎದುರಿಗಿರಲಿಲ್ಲ. ಇಬ್ಬರೂ ಅವತ್ತು ಸಮಾಧಾನದಿಂದ ಉಂಡರು. ಸೋಮವಾರವೂ ಹಾಗೆಯೇ ಉಂಡರು. ಜಗಳವಾಗಲಿಲ್ಲ, ಮಾತು ಬಿಡಲಿಲ್ಲ. ಒಲೆ ಮಾತ್ರ ಎರಡಾಗಿಯೇ ಉಳಿಯಿತು.

ಪಕ್ಕೀರವ್ವ ಮಗನನ್ನು ಕೇಳಿದಳು. "ನೀ ಎಲ್ಲಿ ಉಣ್ಣಾವ? ನನ್ನ ಕಡೆನೋ, ಅವರ ಕಡೆನೋ?"

ಮಲ್ಲೇಶನಲ್ಲಿದ್ದ ಎಂ.ಎ. ಆಗ ಎದ್ದು ನಿಂತಿತು. ಅಧ್ಯಯನ ಮಾಡುವವನು ಯಾರ ಪಕ್ಷವನ್ನೂ ವಹಿಸಬಾರದು ಎಂದು ಅವನಿಗೆ ಕಲಿಸಿದ್ದರು. "ನಾ ತಟಸ್ಥ ಅದೀನಬೇ" ಎಂದ ಗಂಭೀರವಾಗಿ. ಅತ್ತಿಗೆ ಕೇಳಿದಾಗಲೂ ಅದನ್ನೇ ಹೇಳಿದ.

ಪರಿಣಾಮ ನೆಟ್ಟಗಾಗಲಿಲ್ಲ. ತಾಯಿಯೊಲೆ ಬೇಡವಾಯಿತೇನೋ ಎಂದು ಪಕ್ಕೀರವ್ವ ಮುನಿಸಿಕೊಂಡು, ಅತ್ತಿಗೆಯ ಕಡೆ ಉಣ್ಣುತ್ತಿದ್ದಾನೆಂದು ತಿಳಿದಳು. ತಾಯಿಯನ್ನು ಬಿಟ್ಟು ಬರಲು ಮನಸ್ಸಿಲ್ಲವೇನೋ ಎಂದು ಸುಮಂಗಲಾ, ಅತ್ತೆಯ ಕಡೆ ಉಣ್ಣುತ್ತಿದ್ದಾನೆಂದು ತಿಳಿದಳು. ಇಬ್ಬರೂ ಅವನ ಪಾಲಿನ ರೊಟ್ಟಿ ಬಡಿಯುವುದನ್ನು ಬಿಟ್ಟರು. ಹುಸೇನಪ್ಪ ಮಾತ್ರ ಏನೂ ಓದಿದವನಲ್ಲವಾದ್ದರಿಂದ ತಟಸ್ಥನಾಗಿರಲಿಲ್ಲ. ಒಳಗೆ ಒಂದು ಗಂಟೆಗೆ ಉಂಡು, ಹಿತ್ತಲಿಗೆ ಹೋಗಿ ಒಂದೂವರೆಗೆ ಮತ್ತೊಮ್ಮೆ ಉಣ್ಣುತ್ತಿದ್ದ. ನಾಲ್ಕು ದಿನದಲ್ಲಿ ಅವನ ಅಂಗಿಯ ಗುಂಡಿ ಬಿಗಿಯಾಯಿತು. ಮಗನ ಪ್ಯಾಂಟು ಸಡಿಲಾಯಿತು. ಊರಿಗೆಲ್ಲ ಒಲೆ ಹಚ್ಚಿಸಿದ ಸಮಾಜಶಾಸ್ತ್ರಜ್ಞ ಗವಿಸಿದ್ದಪ್ಪನ ಅಂಗಡಿಯ ಹಿಂದೆ ನಿಂತು ಮಿರ್ಚಿ ತಿಂದು ನೀರು ಕುಡಿದು ದಿನ ದೂಡತೊಡಗಿದ.

ಗುರುವಾರ ಕೊಪ್ಪಳದಿಂದ ಫೋನು ಬಂತು.

"ಮಲ್ಲೇಶ್, ನಿಮ್ಮ ಊರಿನ ಹಿಂದಿನ ಲೆಕ್ಕ ಇನ್ನೂರ ಹದಿನಾಲ್ಕು ಕುಟುಂಬ. ನೀವು ಕಳಿಸಿದ್ದು ನಾನ್ನೂರ ಮೂವತ್ತೊಂದು" ಎಂದರು ವಿಜಯಲಕ್ಷ್ಮಿ ಮೇಡಂ. "ನೀವು ಮನೆಮನೆಗೆ ಹೋಗಿದ್ದಿರೋ, ಕೂತಲ್ಲೇ ಬರೆದಿರೋ?"

"ಕಣ್ಣಾರೆ ನೋಡೀನ್ರಿ ಮೇಡಂ."

"ನಾಳೆ ನಾನೂ ಕಣ್ಣಾರೆ ನೋಡುತ್ತೇನೆ."

ಮೇಡಂ ಬರುವ ಸುದ್ದಿ ಕೇಳಿ ಪ್ರಭುರಾಜ ಮನೆಮನೆಗೆ ಹೋಗಿ ತಾಕೀತು ಮಾಡಿದ. "ಮ್ಯಾಲಿನವ್ರು ಬರಾಕ ಹತ್ಯಾರ. ಒಂದೂ ಒಲಿ ಆರಿರಬಾರ್ದು ನೋಡ್ರಿ." ಶುಕ್ರವಾರ ಮುಂಜಾನೆ ಹನ್ನೊಂದಕ್ಕೆ ನಾನ್ನೂರ ಮೂವತ್ತೊಂದು ಒಲೆಗಳು ಒಟ್ಟಿಗೆ ಹೊತ್ತಿದವು. ಊರ ಮೇಲೆ ಹೊಗೆ ಕವಿಯಿತು. ಜೀಪಿನ ಡ್ರೈವರ್ ಅಕ್ಬರ ಹಗಲಲ್ಲೇ ಲೈಟು ಹಾಕಿ, ಹಾರ್ನು ಹೊಡೆಯುತ್ತ ಊರು ಹೊಕ್ಕು, "ಮೇಡಂ, ಬೆಂಕಿ ಗಿಂಕಿ ಬಿದ್ದೈತೇನ್ರಿ ಇಲ್ಲಿ?" ಎಂದು ಕೇಳಿದ.

ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮಲ್ಲೇಶನ ಹಿಂದೆ ಹುಲಿಗವ್ವನ ಮನೆಗೆ ಹೋದರು. ಮೂರು ಒಲೆಯೂ ಉರಿಯುತ್ತಿದ್ದವು. ಒಂದರ ಮೇಲೆ ಬೇಳೆ ಬೇಯುತ್ತಿತ್ತು. ಉಳಿದೆರಡರ ಮೇಲಿನ ಮುಚ್ಚಳ ತೆಗೆದರೆ ಬರೀ ನೀರು.

"ಇದೇನಮ್ಮ?"

"ಜಳಕದ ನೀರ್ರಿ."

"ಹನ್ನೊಂದು ಗಂಟೆಗೆ ಯಾರ ಜಳಕ?"

ಹುಲಿಗವ್ವ ಸುತ್ತ ನೋಡಿದಳು. ಮನೆಯವರೆಲ್ಲರ ತಲೆ ಒದ್ದೆಯಾಗಿತ್ತು. "ಧೂಳದಾಗ ಬಂದೀರಿ, ನೀವ ಮಾಡ್ರಿ ಯವ್ವಾ" ಎಂದಳು.

ಹತ್ತು ಮನೆ ತಿರುಗಿ ಮೇಡಂ ಚಾವಡಿ ಕಟ್ಟೆಗೆ ಬಂದು ಕೂತರು. ಕಣ್ಣೊರೆಸಿಕೊಂಡು ಫೈಲು ಮುಚ್ಚಿದರು. "ನೀವು ನೋಡಿದ್ದನ್ನೇ ಬರೆದಿದ್ದೀರಿ, ಒಪ್ಪಿದೆ. ಆದರೆ ಇದನ್ನು ನಾನು ಒಯ್ಯಲಾರೆ ಮಲ್ಲೇಶ್" ಎಂದರು ಮೆಲ್ಲಗೆ.

ಮಲ್ಲೇಶನಿಗೆ ಗಂಗಾವತಿಯ ಗಿರಣಿಯ ಚೀಲಗಳು ಒಂದರ ಮೇಲೊಂದು ಕಣ್ಣಿಗೆ ಕಟ್ಟಿದವು. ಕಟ್ಟೆಯ ಸುತ್ತ ಊರೇ ನೆರೆದಿತ್ತು. ಅವನು ಎದ್ದು ನಿಂತ, ಕೊರಳ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡ.

"ಎಲ್ಲಾರೂ ಕೇಳ್ರಿ. ಈ ಪಟ್ಟಿಯಿಂದ ಏನೂ ಬರೂದಿಲ್ಲ. ಇದು ಸರಕಾರದ್ದಲ್ಲ. ನಾನ ಬಡಿವಾರ ಮಾಡಾಕ ಮ್ಯಾಲ ಹೋಗ್ತೈತಿ ಅಂದೆ. ನಂದ ತಪ್ಪು. ನಿಮ್ಮ ಕೈ ಮುಗೀತೀನಿ, ಇದ್ದಷ್ಟ ಒಲಿ ಹೇಳ್ರಿ."

ಗವಿಸಿದ್ದಪ್ಪ ಕನಿಕರದಿಂದ ಕೇಳಿದ. "ಹಿಂಗ ಹೇಳಂತ ಮ್ಯಾಲಿಂದ ಹೇಳ್ಯಾರೇನಪಾ?"

"ಇಲ್ಲ ಕಾಕಾ, ಖರೇನ ಏನೂ ಇಲ್ಲ!"

"ತಿಳೀತು ತಿಳೀತು" ಎಂದು ಪ್ರಭುರಾಜ ಕೈಯೆತ್ತಿದ. "ಮಂದಿ ಹೆಚ್ಚಾಗ್ಯಾರ, ಈಗ ಕಡಿಮಿ ಮಾಡಾಕ ಹತ್ಯಾರ. ಯಾರೂ ಹೆದರಬ್ಯಾಡ್ರಿ. ಒಂದೂ ಒಲಿ ಕೆಡವಬ್ಯಾಡ್ರಿ!"

"ನಮ್ಮವು ನಾಕು ಬರಕೊ ತಮ್ಮಾ" ಎಂದು ಹಿಂದಿನಿಂದ ಹುಲಿಗವ್ವ ಕೂಗಿದಳು.

ಸುಳ್ಳನ್ನು ಒಂದೇ ಮಾತಿಗೆ ನಂಬಿದ ಊರು ನಿಜವನ್ನು ನಂಬಲು ಸುತರಾಂ ಒಪ್ಪಲಿಲ್ಲ. ಮಲ್ಲೇಶ ಸೋತು ಕೂತ. ಆಗ ಅವನ ಹೊಟ್ಟೆ ಮೇಡಂಗೂ ಕೇಳಿಸುವಷ್ಟು ಜೋರಾಗಿ ಗುರುಗುಟ್ಟಿತು. ಅವನಿಗೆ ನಾಚಿಕೆಯಾಯಿತು, ಜೊತೆಗೇ ಒಂದು ವಿಚಾರವೂ ಬಂತು. ಇಡೀ ಎಂ.ಎ.ಯಲ್ಲಿ ಯಾರೂ ಕಲಿಸದಿದ್ದದ್ದನ್ನು ಐದು ದಿನದ ಹಸಿವು ಕಲಿಸಿತ್ತು.

"ಮೇಡಂ, ನಾವು ಒಲಿ ನೋಡೂದು ಬ್ಯಾಡ್ರಿ. ಉಣ್ಣೂ ಹೊತ್ತಿನಾಗ ಹೋಗೋಣ. ಒಲಿ ಎಲ್ಲಿ ಬೇಕಾದಲ್ಲಿ ಹಚ್ಚಬಹುದು, ಖರೇನ ಹಸದಾವ ತನ್ನ ಅಡಿಗಿ ಇದ್ದಲ್ಲೇ ಹೋಗಿ ಕುಂದರ್ತಾನ."

ಮೇಡಂ ಅವನನ್ನು ಮೊದಲ ಸಲ ಸರಿಯಾಗಿ ನೋಡಿದರು. ಅಕ್ಬರನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಅಕ್ಬರ ಖಾಲಿ ಜೀಪಿನ ಪರದೆ ಇಳಿಬಿಟ್ಟುಕೊಂಡು, ಹಾರ್ನು ಬಾರಿಸುತ್ತ ಊರು ದಾಟಿ ಹೋದ. ಎಲ್ಲರೂ ಜೀಪಿನ ಹಿಂದೆ ಹೋದಾಗ ಮೇಡಂ ಹಿಂದಿನ ಓಣಿಯಿಂದ ಹೋಗಿ, ಹೊಗೆಯಿಲ್ಲದ ಒಂದೇ ಮನೆಯಾದ ಅಮೀನಾಬೀಯ ಮನೆಯಲ್ಲಿ ಹಾಯಾಗಿ ಕೂತರು. ಮ್ಯಾಲಿನವರು ಹೋದರೆಂದು ಊರಿನವರು ಒಲೆಗಳಿಗೆ ನೀರು ಚಿಮುಕಿಸಿ, ಉಸ್ಸೆಂದು ಉಣ್ಣಲು ಕೂತರು.

ಒಂದೂವರೆಗೆ ಮೇಡಂ, ಮಲ್ಲೇಶ ಇಬ್ಬರೂ ಹೊರಟರು. ಹುಲಿಗವ್ವನ ಪಡಸಾಲೆಯಲ್ಲಿ ಒಂದೇ ಸಾಲಿಗೆ ಹದಿನಾಲ್ಕು ತಾಟು, ನಡುವೆ ಒಂದೇ ಬುಟ್ಟಿ ರೊಟ್ಟಿ. ಬಾಗಿಲಲ್ಲಿ ಮೇಡಂ ಕಂಡಾಗ ಹುಲಿಗವ್ವನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಇವತ್ತೊಂದಿನ ಕೂಡಿ ಕುಂತೀವ್ರಿ" ಎಂದಳು. ಆಮೇಲೆ ತಾನೇ ನಕ್ಕು, "ಬರ್ರಿ, ನೀವೂ ಕುಂದರ್ರಿ. ಒಂದ ಬರಕೊ ತಮ್ಮಾ" ಎಂದಳು.

ಪ್ರಭುರಾಜ ಹೆಂಡತಿಯ ಎದುರಿಗೆ ಕೂತು ಎರಡೂ ಬರ್ನರಿನ ಅಡಿಗೆಯನ್ನು ಒಂದೇ ತಾಟಿನಲ್ಲಿ ಕಲಸುತ್ತಿದ್ದ. ಹೀಗೆ ಮನೆ ಮನೆ ಹೊಕ್ಕು ಇಪ್ಪತ್ತೊಂಬತ್ತು ಮನೆ ಮುಗಿಯಿತು. ಇಪ್ಪತ್ತೊಂಬತ್ತರಲ್ಲೂ ಬುಟ್ಟಿ ಒಂದೇ, ಸಾಲು ಒಂದೇ. ಮಲ್ಲೇಶನಿಗೆ ಕುಷ್ಟಗಿಯ ಆಫೀಸಿನ ಬಾಗಿಲು ತೆರೆದಂತೆ ಕಂಡಿತು.

"ಮೂವತ್ತನೆಯದು ನಿಮ್ಮ ಮನೆಯೇ ಆಗಲಿ" ಎಂದರು ಮೇಡಂ.

ಒಳಗೆ ಪಕ್ಕೀರವ್ವನ ಒಲೆಯಲ್ಲಿ ಪುಂಡಿಪಲ್ಯ, ಹಿತ್ತಲಲ್ಲಿ ಸುಮಂಗಲಾಳ ಒಲೆಯಲ್ಲಿ ಹೆಸರುಕಾಳು. ಎರಡೂ ನಿಜವಾಗಿ ಬೆಂದದ್ದು. ದುರಗೇಶ ಹಿತ್ತಲಲ್ಲಿ ಹೆಂಡತಿಯ ಎದುರು ಕೂತಿದ್ದ. ಅವತ್ತಿನ ಗದ್ದಲದಲ್ಲಿ ಊಟ ತಡವಾಗಿ, ಹುಸೇನಪ್ಪ ಆಗಷ್ಟೇ ಒಳಗಿನದನ್ನು ಮುಗಿಸಿ, ತಾಟು ಹಿಡಿದು ಹಿತ್ತಲಿಗೆ ಹೊರಟವನು ನಡುದಾರಿಯಲ್ಲಿ ಸಿಕ್ಕಿಬಿದ್ದ.

ಮೇಡಂ ಪೆನ್ನು ತೆಗೆದರು. "ಮಲ್ಲೇಶ್ ಯಾವ ಕಡೆ ಉಣ್ಣುತ್ತಾರೆ?"

"ಅವ ಅತ್ತಿಗಿ ಕಡೆ ಉಣ್ಣತಾನ್ರಿ" ಎಂದಳು ಪಕ್ಕೀರವ್ವ, ಮುಖ ಆ ಕಡೆ ಮಾಡಿ.

"ನಮ್ಮ ಕಡೆ ಎಲ್ಲೈತ್ರಿ? ಅತ್ತಿ ಕಡೆನೇ ಉಣ್ಣತಾರಲ್ಲ" ಎಂದಳು ಸುಮಂಗಲಾ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅವನ ಸಡಿಲಾದ ಪ್ಯಾಂಟು ನೋಡಿದರು. ಪಕ್ಕೀರವ್ವನ ಕೈಯ ಸೌಟು ಕೆಳಗೆ ಬಿತ್ತು.

"ಐದು ದಿನಾ ಆತಲ್ಲೋ! ಎಲ್ಲಿ ಉಂಡಿಯೋ ನನ್ನಪ್ಪಾ?"

"ಗವಿಸಿದ್ದಪ್ಪ ಕಾಕಾನ ಮಿರ್ಚಿ."

"ಯಾಕ ಹೇಳಲಿಲ್ಲೋ?"

"ತಟಸ್ಥ ಇದ್ದೆನಬೇ" ಎಂದ ಮಲ್ಲೇಶ. ಹೇಳುವಾಗ ಅವನಿಗೇ ಅಳು ಬಂತು.

"ಸುಡಲಿ ನಿನ್ನ ತಟಸ್ಥ!" ಎಂದು ಪಕ್ಕೀರವ್ವ ತಾಟು ತರಲು ಓಡಿದಳು. ಅವಳು ತರುವುದರೊಳಗೆ ಸುಮಂಗಲಾ ಹಿತ್ತಲಿನಿಂದ ಬಿಸಿ ರೊಟ್ಟಿಯ ತಾಟು ತಂದಿಟ್ಟಳು. ತಾಯಿ ತನ್ನ ತಾಟನ್ನು ಅದರ ಪಕ್ಕದಲ್ಲೇ ಇಟ್ಟಳು. ಮಲ್ಲೇಶ ಹಿತ್ತಲ ಬಾಗಿಲ ಹೊಸ್ತಿಲ ಬಳಿ ಕೂತು, ಒಂದರಿಂದ ಒಂದು ತುತ್ತು, ಇನ್ನೊಂದರಿಂದ ಒಂದು ತುತ್ತು, ತಲೆ ಎತ್ತದೆ ಉಂಡ. ಇಬ್ಬರು ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಲೆ ಒಂದು ಮಾಡುವ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಕೈ ತೊಳೆದು ಬಂದ ಮಲ್ಲೇಶನ ಮುಂದೆ ಮೇಡಂ ಫಾರ್ಮು ಇಟ್ಟರು. "ಮೂವತ್ತರಲ್ಲಿ ಇದೊಂದೇ ಮನೆ ನಿಜವಾಗಿ ಎರಡಾಗಿರುವುದು. ನೀವೇ ಬರೆಯಿರಿ."

"ಸುಳ್ಳು ಹೇಳಿದವರದು ಒಂದು ಬರದು, ನಮ್ಮದು ಎರಡು ಬರೀತಿಯೇನೋ?" ಎಂದ ಹುಸೇನಪ್ಪ ಸಣ್ಣ ದನಿಯಲ್ಲಿ. ಎರಡು ಕಡೆ ಉಂಡ ಖುಷಿಯೆಲ್ಲ ಇಳಿದುಹೋಗಿತ್ತು.

"ಖರೇ ಐತಲ್ಲ ಯಪ್ಪಾ" ಎಂದ ಮಲ್ಲೇಶ. ಅವನಿಗೆ ಬಹಳ ಸಂಕಟವಾಯಿತು. ಅವಿಭಕ್ತ ಕುಟುಂಬ ಶಿಥಿಲಗೊಳ್ಳುವುದೆಂದರೆ ಹೀಗಿರುತ್ತದೆ ಎಂದು ಅವನ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಎರಡು ಹಾಳೆ ತೆಗೆದ. ಒಂದರಲ್ಲಿ ಹುಸೇನಪ್ಪ, ಪಕ್ಕೀರವ್ವ ಎಂದು ಬರೆದ. ಇನ್ನೊಂದರಲ್ಲಿ ದುರಗೇಶ, ಸುಮಂಗಲಾ ಎಂದು ಬರೆದ. ಒಬ್ಬನ ಹೆಸರು ಎರಡು ಕಡೆ ಬರಕೂಡದು ಎಂದು ಫಾರ್ಮಿನ ಕೆಳಗೆ ಅಚ್ಚು ಹಾಕಿದ್ದರು. ಅದನ್ನು ಅವನು ಎರಡು ಸಲ ಓದಿದ. ಆಮೇಲೆ ಮೊದಲನೆಯ ಹಾಳೆಯ ಕೊನೆಗೆ ‘ಮಲ್ಲೇಶ’ ಎಂದು ಬರೆದ. ಎರಡನೆಯ ಹಾಳೆಯ ಕೊನೆಗೂ ‘ಮಲ್ಲೇಶ’ ಎಂದು ಬರೆದ.

ಮೇಡಂ ಎರಡೂ ಹಾಳೆಗಳನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಒಮ್ಮೆ ಅವನ ಕಡೆ ನೋಡಿದರು. ಏನೂ ಕೇಳದೆ ಎರಡಕ್ಕೂ ಸಹಿ ಹಾಕಿ, ಉಳಿದ ಮನೆಗಳನ್ನು ಉಣ್ಣುವ ಹೊತ್ತಿನಲ್ಲೇ ಮುಗಿಸಿಕೊಂಡು ಒಂದನೇ ತಾರೀಖಿಗೆ ಕುಷ್ಟಗಿ ಆಫೀಸಿಗೆ ಬರಬೇಕೆಂದು ಹೇಳಿದರು.